ಸತ್ತ ಮೇಲೆ ಸಿಕ್ಕ ಬಡ್ತಿ

ನಮ್ಮ ಬೀದಿಯ ಜೈಲರು ನಿಜವಾಗಿ ಜೈಲರಲ್ಲ. ಅವರು ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದುವವರು. ಮನೆಮನೆಗೆ ಹೋಗಿ, ಕಾಂಪೌಂಡಿನ ಮೂಲೆಯಲ್ಲಿ ಕುಕ್ಕುರುಗಾಲಲ್ಲಿ ಕೂತು, ಮೀಟರಿನ ಗಾಜನ್ನು ಹೆಬ್ಬೆರಳಿನಿಂದ ಒರೆಸಿ, ಅಂಕಿ ಬರೆದುಕೊಂಡು ಬರುವುದು ಅವರ ಉದ್ಯೋಗ. ಜೈಲರಾಗಿದ್ದವರು ಅವರ ತಾತ. ಅದೂ ಮೊಮ್ಮಗ ಹೇಳಿದ ಪ್ರಕಾರ.

ನಾನು ಆ ಬೀದಿಯಲ್ಲಿ ಟೈಲರ್ ಅಂಗಡಿ ತೆರೆದ ವರ್ಷ ಈ ತಾತ ಬರೀ ಕಾವಲುಗಾರ. ಎರಡು ವರ್ಷ ಕಳೆದು, ಮೊಮ್ಮಗನ ಷರಟಿಗೆ ಅಳತೆ ತೆಗೆಯುತ್ತ ಮಾತಿಗೆಳೆದರೆ ತಾತ ಮುಖ್ಯ ಕಾವಲುಗಾರರಾಗಿದ್ದರು. ಎದುರುಮನೆಯ ಅಳಿಯನಿಗೆ ಪೊಲೀಸ್ ಇಲಾಖೆಯಲ್ಲಿ ಕೆಲಸ ಸಿಕ್ಕ ವಾರವೇ ತಾತ ಜೈಲರಾದರು. ಮಣ್ಣಾಗಿ ಎಂಬತ್ತು ವರ್ಷವಾದ ಮೇಲೂ ಇಷ್ಟು ಚುರುಕಾಗಿ ಬಡ್ತಿ ಪಡೆದ ಸರ್ಕಾರಿ ನೌಕರರು ಇನ್ನೊಬ್ಬರಿರಲಾರರು. ಬೀದಿಯವರು ತಾತನ ಹುದ್ದೆಯನ್ನು ಮೊಮ್ಮಗನಿಗೇ ವರ್ಗಾಯಿಸಿ ಜೈಲರು, ಜೈಲರು ಎಂದು ಕರೆಯತೊಡಗಿದರು. ಅದು ಗೇಲಿ ಎಂದು ಅವರಿಗೆ ಹೊಳೆಯಲೇ ಇಲ್ಲ. ಗೇಟಿಗೆ ಒಂದು ಹಿತ್ತಾಳೆ ಫಲಕ ಮಾಡಿಸಿ, ತಾತನ ಪೂರ್ತಿ ಹೆಸರು, ಹುಟ್ಟೂರು, ಹುದ್ದೆ ಎಲ್ಲ ಕೆತ್ತಿಸಿ ಹಾಕಿಕೊಂಡರು.

ಜೈಲರ ತಂದೆಗೆ ಎಂಬತ್ತೆರಡು. ಮೊಣಕಾಲು ಎರಡೂ ಕೈಕೊಟ್ಟಿದ್ದರಿಂದ ಗಾಲಿಕುರ್ಚಿಯೇ ಗತಿ. ಕಣ್ಣು ಮಾತ್ರ ಆಪರೇಷನ್ ಆದ ಮೇಲೆ ಸೂಜಿಗೆ ದಾರ ಪೋಣಿಸುವಷ್ಟು ಚೆನ್ನಾಗಿತ್ತು. ಮಗ ತಾತನ ಪ್ರತಾಪ ಶುರುಮಾಡಿದ ತಕ್ಷಣ ಹಿರಿಯರು ಕಿವಿಯ ಮಷೀನು ತೆಗೆದು ಮೇಜಿನ ಮೇಲಿಟ್ಟುಬಿಡುತ್ತಿದ್ದರು. ವಯಸ್ಸಾದವರಿಗೆ ಗದ್ದಲ ಆಗುವುದಿಲ್ಲ ಎಂದು ನಾವೆಲ್ಲ ತಿಳಿದಿದ್ದೆವು.

ಒಂದು ದಿನ ಹಿರಿಯರ ಪೈಜಾಮದ ಅಂಚು ಮಡಚಲು ಅವರ ಮನೆಗೇ ಹೋಗಿದ್ದೆ. ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅವರ ಕಾಲ ಬಳಿ ಕೂತಿದ್ದಾಗ ಇದ್ದಕ್ಕಿದ್ದಂತೆ ಹೇಳಿದರು.

"ಟೈಲರಪ್ಪ, ನಮ್ಮಪ್ಪನ ಮುಖ ನಾನು ನೋಡಿಲ್ಲ. ನಾನಿನ್ನೂ ಅಮ್ಮನ ಹೊಟ್ಟೇಲಿದ್ದಾಗಲೇ ಹೋದ್ರು. ಮನೇಲಿ ಒಂದು ಫೋಟೋನೂ ಇಲ್ಲ. ಈ ವಯಸ್ಸಲ್ಲಿ ಇದೇನು ಚಪಲ ಅಂತೀಯೇನೋ. ಒಂದ್ಸಲ ನೋಡ್ಬೇಕು ಅನ್ಸುತ್ತೆ."

ದಿಂಬಿನಡಿಯಿಂದ ಒಂದು ಪೇಪರ್ ತುಂಡು ತೆಗೆದು ತೋರಿಸಿದರು. ದೂರದ ಕೋಟೆಯೊಳಗಿನ ಹಳೆಯ ಜೈಲನ್ನು ಮ್ಯೂಸಿಯಂ ಮಾಡಿದ್ದಾರೆ, ನೆಲಮಾಳಿಗೆಯಲ್ಲಿ ಸಿಕ್ಕ ಅಧಿಕಾರಿಗಳ, ಕೈದಿಗಳ ನಾನೂರು ಫೋಟೋಗಳನ್ನು ಗೋಡೆಗೆ ಹಾಕಿದ್ದಾರೆ ಎಂದು ಸುದ್ದಿ. ತಾತ ಕೆಲಸ ಮಾಡಿದ್ದು ಅದೇ ಜೈಲಿನಲ್ಲಿ ಎಂದು ಇಡೀ ಬೀದಿಗೆ ಗೊತ್ತಿತ್ತು.

ಜೈಲರಿಗೆ ಈ ಸುದ್ದಿ ತಿಳಿದದ್ದೇ ತಡ, ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸರ್ಕಾರದ ಗೋಡೆಯ ಮೇಲೆ ತಾತ ತೂಗುತ್ತಿರುವಾಗ ಇನ್ನು ಯಾವನು ನಗುತ್ತಾನೆ ನೋಡೋಣ ಎಂದರು. ಆ ಜೈಲಿಗೇ ನೇರವಾಗಿ ಹೋಗುವ ಬಸ್ಸು ಇರಲಿಲ್ಲ. 'ದೇಶದ ಪರಂಪರೆ ದರ್ಶನ, ಒಂಬತ್ತು ದಿನ, ಹನ್ನೊಂದು ಸ್ಥಳ' ಎಂಬ ಟೂರಿನಲ್ಲಿ ಅದು ಏಳನೆಯ ಸ್ಥಳ. ಜೈಲರು, ಅವರ ಹೆಂಡತಿ ಎಂದರೆ ನಾನು ಅತ್ತಿಗೆ ಎಂದು ಕರೆಯುವವರು, ಹಿರಿಯರು, ಮೂವರಿಗೆ ಸೀಟು ಆಯಿತು. ನಾಲ್ಕನೆಯದು ನನಗೆ.

"ನಾನ್ಯಾಕೆ?" ಎಂದೆ.

"ಸಾಕ್ಷಿಗೆ. ನಾನು ಹೇಳಿದ್ರೆ ಬೀದೀಲಿ ಒಬ್ರೂ ನಂಬಲ್ಲ. ನೀವು ಕಣ್ಣಾರೆ ನೋಡಿ ಬಂದು ಹೇಳ್ಬೇಕು ಟೈಲರಣ್ಣ."

ದೇಶದ ಪರಂಪರೆಯ ಬಗ್ಗೆ ನಾನು ಹೇಳಬಹುದಾದದ್ದು ಇಷ್ಟೇ: ಅದರ ಶೌಚಾಲಯಗಳ ಮುಂದೆ ಸಾಲು ಬಹಳ ಉದ್ದ. ಪ್ರತಿ ಸ್ಮಾರಕಕ್ಕೂ ಬಸ್ಸಿನವನು ನಲವತ್ತು ನಿಮಿಷ ಕೊಡುತ್ತಿದ್ದ. ಅದರಲ್ಲಿ ಇಪ್ಪತ್ತೈದು ಆ ಸಾಲಿಗೆ ಹೋದರೆ, ಉಳಿದದ್ದರಲ್ಲಿ ನಮ್ಮ ಜೈಲರು ಗೈಡುಗಳನ್ನು ತಿದ್ದುತ್ತಿದ್ದರು. ಅರಮನೆಯಲ್ಲಿ ಗೈಡು ರಾಜನ ಮಂಚ ತೋರಿಸಿದರೆ, ಇವರು ಮಂಚ ಇಷ್ಟು ಗಿಡ್ಡ ಇರಲು ಸಾಧ್ಯವಿಲ್ಲ, ನಮ್ಮ ತಾತ ಅಂಥ ರಾಜರನ್ನು ಹತ್ತಿರದಿಂದ ಕಂಡವರು ಎಂದು ವಾದಕ್ಕೆ ನಿಂತರು. ಫಿರಂಗಿ ಸಂಗ್ರಹಾಲಯದಲ್ಲಿ ಒಂದು ಫಿರಂಗಿಯ ಬಾಯಿಗೆ ಕೈ ಹಾಕಿ ಮೀಟರ್ ಓದುವ ಹಾಗೆ ಬಗ್ಗಿ ನೋಡಹೋಗಿ ಕೈ ಸಿಕ್ಕಿಸಿಕೊಂಡರು. ಅತ್ತಿಗೆ ಚೀಲದಿಂದ ಎಣ್ಣೆ ತೆಗೆದು ಹಚ್ಚಿ ಕೈ ಬಿಡಿಸಿದರು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಎಣ್ಣೆಬಾಟಲಿ ಇಲ್ಲದೆ ಅವರು ಹೊರಗೆ ಹೊರಟದ್ದೇ ಇಲ್ಲವಂತೆ.

ಹಿರಿಯರು ಮಾತ್ರ ಬಸ್ಸಿನಿಂದ ಇಳಿಯಲೇ ಇಲ್ಲ. ಬಸ್ಸು ನಿಂತಾಗಲೆಲ್ಲ ಕಿಟಕಿಯಿಂದ ಒಂದೇ ಪ್ರಶ್ನೆ.

"ಜೈಲು ಬಂತೇನೋ?"

"ಇಲ್ಲಪ್ಪ, ಇದು ಅರಮನೆ. ಮುನ್ನೂರು ವರ್ಷ ಹಳೇದು."

"ಹಾಗಾದ್ರೆ ಬೇಡ. ಜೈಲು ಬಂದಾಗ ಎಬ್ಬಿಸು."

ಸಮಾಧಿ ಬಂತು, ಗಡಿಯಾರದ ಗೋಪುರ ಬಂತು, ಹಡಗಿನ ಮ್ಯೂಸಿಯಂ ಬಂತು. ಅವರು ಸೀಟಿನಲ್ಲೇ ಕೂತು ರೊಟ್ಟಿ ತಿಂದರು, ಮಾತ್ರೆ ನುಂಗಿದರು. ಆರನೆಯ ದಿನ ಬೆಳಿಗ್ಗೆ ತಾವೇ ಗಡ್ಡ ಬೋಳಿಸಿಕೊಂಡರು. ನಾನು ಹೊಲಿದುಕೊಟ್ಟ ಬಿಳಿ ಷರಟು ಹಾಕಿಕೊಂಡು, ಕೊರಳಿನ ಗುಂಡಿಯವರೆಗೂ ಹಾಕಿಸಿಕೊಂಡರು. ಆ ದಿನವೇ ಜೈಲು. ಊಟಕ್ಕೂ ಅಲ್ಲೇ ನಿಲ್ಲುವುದಿದ್ದುದರಿಂದ ಬಸ್ಸಿನವನು ಎರಡು ಗಂಟೆ ಕೊಟ್ಟಿದ್ದ.

ಕೋಟೆಯ ಬಾಗಿಲಲ್ಲಿ ಎಲ್ಲರ ಮೊಬೈಲು ತೆಗೆದಿಟ್ಟುಕೊಂಡರು. ಒಳಗೆ ಫೋಟೋ ತೆಗೆಯುವ ಹಾಗಿಲ್ಲ. ಮೆಟ್ಟಿಲು ಹದಿನೆಂಟು. ಗಾಲಿಕುರ್ಚಿ ಹೋಗಲು ಪಕ್ಕದಲ್ಲಿ ಇಳಿಜಾರು ದಾರಿ ಮಾಡಿದ್ದರು, ಆದರೆ ಅದರ ಬಾಗಿಲಿಗೆ ಬೀಗ ಹಾಕಿ ಬೀಗದಕೈ ಇದ್ದವನು ಊಟಕ್ಕೆ ಹೋಗಿದ್ದ. ಎಷ್ಟು ಹೊತ್ತಿಗೆ ಬರುತ್ತಾನೆ ಎಂದರೆ, ಊಟ ಮುಗಿದ ಮೇಲೆ ಎಂದರು. ಹಿರಿಯರನ್ನೂ ಅತ್ತಿಗೆಯನ್ನೂ ಅಂಗಳದ ನೆರಳಲ್ಲಿ ಬಿಟ್ಟು, ತಾತನ ಜಾಗ ಪತ್ತೆಮಾಡಿ ಬರೋಣವೆಂದು ಜೈಲರು ನನ್ನನ್ನು ಎಳೆದುಕೊಂಡು ಮೇಲೆ ಹತ್ತಿದರು.

ಅಧಿಕಾರಿಗಳ ಹಾಲಿನಲ್ಲಿ ಒಂಬತ್ತು ಫೋಟೋ. ಒಂಬತ್ತು ಮೀಸೆ. ಎಲ್ಲರ ಕೆಳಗೂ ಹೆಸರಿತ್ತು, ಒಂದೂ ತಾತನದಲ್ಲ. ನಾಲ್ಕನೆಯವರ ಹೆಸರಿನ ಚೀಟಿ ಮಾತ್ರ ಉದುರಿಹೋಗಿತ್ತು. ಜೈಲರು ಅವರನ್ನು ಸ್ವಲ್ಪ ಹೊತ್ತು ನೋಡಿ, "ಇವ್ರೇ," ಎಂದರು.

"ಗ್ಯಾರಂಟಿನಾ?" ಎಂದೆ.

"ಮೀಸೆ ನೋಡಿ. ನಮ್ಮ ವಂಶದ್ದು."

ಅವರ ವಂಶದಲ್ಲಿ ಯಾರೂ ಮೀಸೆ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ. ಸಾಕ್ಷಿಯ ಕೆಲಸ ಮುಗಿಯಿತಲ್ಲ ಎಂದು ಹೊರಗೆ ಬಂದು ಪಕ್ಕದ ಕಾರಿಡಾರಿಗೆ ಕಾಲಿಟ್ಟೆ. ಅದು ಕೈದಿಗಳದು. ಗಲ್ಲಿಗೆ ಹೋಗುವವರನ್ನು ಹಿಂದಿನ ದಿನ ಕೂರಿಸಿ, ಎದೆಗೆ ನಂಬರಿನ ಹಲಗೆ ಕೊಟ್ಟು ಒಂದು ಫೋಟೋ ತೆಗೆಯುವುದು ಆ ಜೈಲಿನ ಪದ್ಧತಿಯಂತೆ. ಎರಡೂ ಗೋಡೆಗಳ ಮೇಲೆ ಅವೇ. ನೂರಾರು ಜನ, ಎಲ್ಲರೂ ನಾಳೆ ಬೆಳಿಗ್ಗೆ ಸಾಯುವವರು, ಎಲ್ಲರೂ ನೇರ ನನ್ನನ್ನೇ ನೋಡುತ್ತಿದ್ದರು. ಅರ್ಧ ದಾರಿ ಹೋಗಿ ನಿಂತುಬಿಟ್ಟೆ. ಗೋಡೆಯ ಮೇಲೆ ನಮ್ಮ ಬೀದಿಯ ಜೈಲರು ಇದ್ದರು.

ಅದೇ ಹಣೆ, ಅದೇ ಕಿವಿ, ಮಾತು ಶುರುಮಾಡುವ ಮುಂಚೆ ಕೆಳತುಟಿ ಮುಂದೆ ಬರುತ್ತದಲ್ಲ, ಅದೇ ತುಟಿ. ಕೆಳಗಿನ ಚೀಟಿ ಓದಿದೆ. ಗೇಟಿನ ಹಿತ್ತಾಳೆ ಫಲಕದ ಮೇಲಿದ್ದ ಹೆಸರು, ಅದೇ ಹುಟ್ಟೂರು. ಕೈದಿ ಸಂಖ್ಯೆ 318. ಅಪರಾಧ, ಕೊಲೆ. ಶಿಕ್ಷೆ, ಗಲ್ಲು.

ಹಿಂದೆ ಹೆಜ್ಜೆ ಸದ್ದಾಯಿತು. ಜೈಲರು ಬಂದು ಓದಿದರು. ಎರಡು ಸಲ ಓದಿದರು. ಆಮೇಲೆ ತಿರುಗಿ, ಫೋಟೋಗೆ ಬೆನ್ನು ಕೊಟ್ಟು, ಗೋಡೆಗೆ ಅಂಟಿಕೊಂಡು ನಿಂತುಬಿಟ್ಟರು.

"ಟೈಲರಣ್ಣ, ಪಕ್ಕದಲ್ಲಿ ನಿಂತ್ಕೊಳ್ಳಿ."

"ಯಾಕೆ?"

"ಅಪ್ಪ ಇದನ್ನ ನೋಡಿದ್ರೆ ಇಲ್ಲೇ ಪ್ರಾಣ ಬಿಡ್ತಾರೆ. ನಿಂತ್ಕೊಳ್ಳಿ ಅಂದೆ."

ನಿಂತೆ. ಭುಜಕ್ಕೆ ಭುಜ ಕೊಟ್ಟು ಇಬ್ಬರೂ ಮುನ್ನೂರ ಹದಿನೆಂಟನ್ನು ಮುಚ್ಚಿದೆವು. ಶಾಲಾಮಕ್ಕಳ ಒಂದು ತಂಡ ಬಂತು. ಅವರ ಟೀಚರು ನಮ್ಮಿಬ್ಬರ ಮುಂದೆ ಬಂದು ನಿಂತರು.

"ಸ್ವಲ್ಪ ಸರೀತೀರಾ? ಮಕ್ಕಳಿಗೆ ಕಾಣ್ಬೇಕು."

"ನನಗೆ ಸೊಂಟ ಹಿಡ್ಕೊಂಡಿದೆ," ಎಂದರು ಜೈಲರು.

"ಇವ್ರಿಗೆ?" ಎಂದು ಟೀಚರು ನನ್ನ ಕಡೆ ಕೈ ತೋರಿಸಿದರು.

"ಇವ್ರು ನನ್ನ ಹಿಡ್ಕೊಂಡಿದ್ದಾರೆ."

ಒಂದು ಮಗು ಜೈಲರ ಕಂಕುಳ ಸಂದಿಯಲ್ಲಿ ಇಣುಕಿ, ಅವರ ಮುಖ ನೋಡಿ, ಮತ್ತೆ ಇಣುಕಿ, "ಮಿಸ್, ಈ ಅಂಕಲ್ ಇಲ್ಲೇ ಇದ್ದಾರೆ, ಇವ್ರನ್ನ ನೇಣಿಗೆ ಹಾಕೇ ಇಲ್ಲ," ಎಂದಿತು. ಟೀಚರು ಮಕ್ಕಳನ್ನು ಬೇಗಬೇಗ ಮುಂದಕ್ಕೆ ಅಟ್ಟಿಕೊಂಡು ಹೋದರು. ಎರಡೇ ನಿಮಿಷದಲ್ಲಿ ಕಾವಲುಗಾರ ಶಿಳ್ಳೆ ಊದುತ್ತ ಬಂದು ನಮ್ಮಿಬ್ಬರನ್ನೂ ಮ್ಯೂಸಿಯಂ ಅಧಿಕಾರಿಯ ಮುಂದೆ ನಿಲ್ಲಿಸಿದ.

ಅಧಿಕಾರಿ ಪೆನ್ನಿನ ಮುಚ್ಚಳ ಕಚ್ಚುವ ಸಣ್ಣ ಮನುಷ್ಯ. ಅವರಿಗಿಂತ ಮುಂಚೆ ಇದ್ದವರು ಯಾವುದೋ ತಪ್ಪು ಚೀಟಿಯ ದೂರಿಗೆ ಗುರಿಯಾಗಿ ಗುಡ್ಡಗಾಡಿಗೆ ವರ್ಗವಾಗಿದ್ದರಂತೆ. ದೂರು ಎಂಬ ಮಾತು ಕೇಳಿದರೇ ಇವರ ಮುಖ ಬಿಳಿಚಿಕೊಳ್ಳುತ್ತಿತ್ತು. ಜೈಲರಿಗೆ ಇದಕ್ಕಿಂತ ಇನ್ನೇನು ಬೇಕು.

"ನಿಮ್ಮ ಮುನ್ನೂರ ಹದಿನೆಂಟು ತಪ್ಪು ಸಾರ್. ಅವ್ರು ಕೈದಿ ಅಲ್ಲ, ಜೈಲರು. ನಾನು ಅವರ ಮೊಮ್ಮಗ."

"ಜೈಲರ ಕೈಗೆ ನಂಬರ್ ಹಲಗೆ ಯಾಕೆ ಕೊಡ್ತಾರೆ?"

"ಕೈದಿಗಳಿಗೆ ಹೇಗೆ ಹಿಡಿಯೋದು ಅಂತ ತೋರಿಸ್ತಿದ್ದಾರೆ."

ಈ ಉತ್ತರ ಕೇಳಿ ಅಧಿಕಾರಿ ಪೆನ್ನಿನ ಮುಚ್ಚಳ ಬಾಯಿಂದ ತೆಗೆದರು. ಆಮೇಲೆ ಅವರು ಡ್ರಾಯರಿನಿಂದ ಒಂದು ಪುಸ್ತಕ ತೆಗೆದು ನಿಯಮ ಓದಿದರು. ಯಾವುದೇ ವಸ್ತುವಿನ ಬಗ್ಗೆ ಐದು ಮಂದಿ ಸಂದರ್ಶಕರು ಲಿಖಿತ ಆಕ್ಷೇಪಣೆ ಕೊಟ್ಟರೆ ಅದನ್ನು ತಕ್ಷಣ ತೆಗೆದು, ಮೊಹರು ಮಾಡಿ, ಪರಿಶೀಲನೆಗಾಗಿ ಕೇಂದ್ರ ಕಚೇರಿಗೆ ಕಳಿಸತಕ್ಕದ್ದು. ವಾರಕ್ಕೊಮ್ಮೆ ಬರುವ ವ್ಯಾನು ಆಗಲೇ ಹೊರಗೆ ನಿಂತಿತ್ತು. ಐದು ಸಹಿ ತನ್ನಿ, ನನ್ನ ತಲೆನೋವೂ ಹೋಗುತ್ತದೆ ಎಂದರು ಅಧಿಕಾರಿ.

ಜೈಲರು ಅರ್ಜಿ ಬರೆದುಕೊಂಡು ಕ್ಯಾಂಟೀನಿಗೆ ಓಡಿದರು. ನಮ್ಮ ಬಸ್ಸಿನ ಹೊಸ ಮದುವೆಯ ಗಂಡಹೆಂಡಿರು ತಲೆ ಎತ್ತದೆ ಸಹಿ ಹಾಕಿದರು. ಅವರು ಇಡೀ ಟೂರಿನಲ್ಲಿ ತಲೆ ಎತ್ತಿರಲಿಲ್ಲ. ನಿವೃತ್ತ ಪೋಸ್ಟ್ ಮಾಸ್ಟರು ಅರ್ಜಿಯನ್ನು ಪೂರ್ತಿ ಓದಿ, ಎರಡು ಅಕ್ಷರ ತಿದ್ದಿ, ಒಂದು ಕಾಮ ಹಾಕಿ, ವಿಷಯ ಏನೆಂದು ಕೇಳದೆ ಸಹಿ ಮಾಡಿದರು. ಜೈಲರದು ಸೇರಿ ನಾಲ್ಕಾಯಿತು.

ಐದನೆಯದಕ್ಕೆ ಅಂಗಳದಲ್ಲಿದ್ದ ಅತ್ತಿಗೆಯನ್ನು ಮರೆಗೆ ಕರೆದು ಪಿಸುಗುಟ್ಟಿದರು. ಆಕೆ ಪೆನ್ನು ಮುಟ್ಟಲಿಲ್ಲ.

"ಮಾವನ್ನ ಒಂದು ಮಾತು ಕೇಳಿ."

"ಅವರಿಗೆ ತಿಳೀಬಾರದು ಅಂತ ತಾನೇ ಇಷ್ಟೆಲ್ಲ ಮಾಡ್ತಿರೋದು."

"ಅವರಪ್ಪನ ವಿಷಯ. ಅವರನ್ನ ಕೇಳದೆ ನಾನು ಹಾಕಲ್ಲ."

ಜೈಲರು ನನ್ನ ಕಡೆ ತಿರುಗಿದರು. ಬಿಸಿಲು, ಹಸಿವು, ಶಿಳ್ಳೆ ಊದಿಸಿಕೊಂಡ ಅವಮಾನ ಬೇರೆ. ಅತ್ತಿಗೆ ಹೇಳಿದ್ದು ಸರಿ ಎಂದು ಆಗಲೇ ಅನ್ನಿಸಿತ್ತು. ಆದರೂ ಮುಗಿದುಹೋಗಲಿ ಎಂದು ಸಹಿ ಹಾಕಿದೆ. ಅದನ್ನು ನೆನೆದರೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮ್ಯೂಸಿಯಮ್ಮಿನವರು ಫೋಟೋ ಇಳಿಸಿದರು. ಕಂದು ಕಾಗದ ಸುತ್ತಿದರು, ಅರಗು ಕರಗಿಸಿ ಐದು ಮೊಹರು ಒತ್ತಿದರು. ವ್ಯಾನು ಹೊರಟಿತು. ಸರ್ಕಾರದ ಕೆಲಸ ಇಷ್ಟು ಬೇಗ ಆದದ್ದನ್ನು ನಾನು ನನ್ನ ಜನ್ಮದಲ್ಲಿ ಅದೊಂದೇ ಸಲ ನೋಡಿದ್ದು. ಜೈಲರು ಬೆವರು ಒರೆಸಿಕೊಂಡು, "ಮನೆತನದ ಮಾನ ಉಳೀತು," ಎಂದರು.

ಬೀಗದಕೈಯವನ ಊಟ ಆಗ ಮುಗಿಯಿತು.

ಗಾಲಿಕುರ್ಚಿ ಇಳಿಜಾರು ಹತ್ತಿ ಬಂತು. ಅತ್ತಿಗೆ ತಳ್ಳುತ್ತಿದ್ದರು. ಹಿರಿಯರು ಕಿವಿಯ ಮಷೀನು ಹಾಕಿಕೊಂಡಿದ್ದರು. ಜೈಲರು ಕುರ್ಚಿಯ ಹಿಡಿ ಹಿಡಿದು ಅಧಿಕಾರಿಗಳ ಹಾಲಿನ ಕಡೆ ತಿರುಗಿಸಿದರು.

"ಈ ಕಡೆ ಅಪ್ಪ. ತಾತ ಇಲ್ಲಿದ್ದಾರೆ. ನಾಲ್ಕನೇದು. ಏನು ಗತ್ತು ಅಂತೀಯ."

"ಆಮೇಲೆ ನೋಡೋಣ. ಮೊದಲು ಅಲ್ಲಿಗೆ ಹೋಗೋಣ," ಎಂದು ಹಿರಿಯರು ಕಾರಿಡಾರಿನ ಕಡೆ ಕೈ ಮಾಡಿದರು.

"ಅಲ್ಲಿ ಏನಿದೆ? ಬರೀ ಕಳ್ಳರು, ಕೊಲೆಗಡುಕರು."

"ನಡಿಯಮ್ಮ," ಎಂದರು ಹಿರಿಯರು, ಸೊಸೆಗೆ.

ಗಾಲಿಗಳು ಕಲ್ಲಿನ ನೆಲದ ಮೇಲೆ ನಿಧಾನವಾಗಿ ಉರುಳಿದವು. ಹಿರಿಯರು ಮುಖಗಳನ್ನು ನೋಡುತ್ತಿರಲಿಲ್ಲ. ಹಲಗೆಯ ಮೇಲಿನ ನಂಬರುಗಳನ್ನು ನೋಡುತ್ತಿದ್ದರು. ಮುನ್ನೂರ ಹದಿನಾಲ್ಕು, ಹದಿನೈದು ಎಂದು ತುಟಿ ಅಲ್ಲಾಡುತ್ತಿತ್ತು. ಅದನ್ನು ನಾನು ಕಂಡೆ. ಹದಿನೇಳರ ಪಕ್ಕದಲ್ಲಿ ಒಂದು ಮೊಳೆ, ಅದರ ಕೆಳಗೆ ಗೋಡೆಯ ಮಾಸದ ಚೌಕ. ಅದರ ಆಚೆ ಹತ್ತೊಂಬತ್ತು.

"ಹದಿನೆಂಟೆಲ್ಲಿ?" ಎಂದರು ಹಿರಿಯರು.

ಶಿಳ್ಳೆ ಊದಿದ್ದ ಕಾವಲುಗಾರ ಅಲ್ಲೇ ನಿಂತಿದ್ದ. ಪಾಪ, ಅವನಿಗೆ ಏನು ಗೊತ್ತು.

"ಈಗ ತಾನೇ ತೆಗೆದ್ರು ಯಜಮಾನ್ರೇ. ವ್ಯಾನ್ ಹೋಗಿ ಹತ್ತು ನಿಮಿಷ ಆಯ್ತು. ಇವ್ರೇ ಬರ್ಕೊಟ್ರಲ್ಲ, ತೆಗೀರಿ ಅಂತ."

ಹಿರಿಯರು ಮಗನನ್ನು ನೋಡಲಿಲ್ಲ. ಷರಟಿನ ಜೇಬಿನಿಂದ ಪ್ಲಾಸ್ಟಿಕ್ ಸುತ್ತಿದ ಒಂದು ಹಳೆಯ ಕಾರ್ಡು ತೆಗೆದು ನನ್ನ ಕೈಗೆ ಕೊಟ್ಟರು. ಜೈಲಿನಿಂದ ಅವರ ತಾಯಿಗೆ ಬಂದದ್ದು. ನಿಮ್ಮ ಗಂಡ, ಕೈದಿ ಸಂಖ್ಯೆ 318, ಇವರ ಶಿಕ್ಷೆಯನ್ನು ಇಂದು ಬೆಳಿಗ್ಗೆ ಜಾರಿಗೊಳಿಸಲಾಗಿದೆ. ಒಂದು ಕಂಬಳಿ, ಒಂದು ತಟ್ಟೆ ಇರುತ್ತದೆ, ಹದಿನೈದು ದಿನದೊಳಗೆ ಬಂದು ತೆಗೆದುಕೊಂಡು ಹೋಗತಕ್ಕದ್ದು.

"ಅಪ್ಪಾ, ನಿನಗೆ ಗೊತ್ತಿತ್ತಾ?" ಎಂದರು ಜೈಲರು.

"ನನಗೆ ಒಂಬತ್ತು ವರ್ಷ ಆದಾಗಲೇ ಅಮ್ಮ ಹೇಳಿದ್ಲು. ಯಾರನ್ನ ಕೊಂದ್ರು, ಯಾಕೆ ಕೊಂದ್ರು ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ನೀನು ಸಣ್ಣವನಿದ್ದಾಗ ಒಂದಿನ ಸ್ಕೂಲಿಂದ ಬಂದು ತಾತ ಏನ್ ಕೆಲಸ ಮಾಡ್ತಿದ್ರು ಅಂತ ಕೇಳ್ದೆ. ಜೈಲಲ್ಲಿ ಕಾವಲುಗಾರ ಅಂದ್ಬಿಟ್ಟೆ. ನಾನು ಹೇಳಿದ ಸುಳ್ಳು ಅದೊಂದೇ. ಉಳಿದ ಬಡ್ತಿಯೆಲ್ಲ ನೀನೇ ಕೊಟ್ಟಿದ್ದು."

"ನಾನು ನಿನಗೋಸ್ಕರ..."

"ಮುಖ ನೋಡೋಣ ಅಂತ ಬಂದೆ ಕಣೋ. ಅಷ್ಟೇ. ಏನ್ ಮಾಡಿದ್ರೂ ನಮ್ಮಪ್ಪ ಅಲ್ವಾ."

ಜೈಲರು ಅಧಿಕಾರಿಯ ಕೋಣೆಗೆ ಓಡಿದ ಓಟ ನಾನು ಮರೆಯುವಂತಿಲ್ಲ. ಹಿಂದೆಯೇ ಹೋದೆ. ಆಕ್ಷೇಪಣೆ ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಅಂಗಲಾಚಿದರು. ಅಧಿಕಾರಿ ಅದೇ ಪುಸ್ತಕ ತೆಗೆದರು. ಐವರೂ ಸಹಿ ಹಾಕಿ ವಾಪಸ್ ಅರ್ಜಿ ಕೊಡಬಹುದು, ಅದನ್ನೂ ಕೇಂದ್ರ ಕಚೇರಿಯ ಸಮಿತಿಯೇ ಪರಿಶೀಲಿಸುತ್ತದೆ. ಸಮಿತಿ ಎಷ್ಟು ದಿನಕ್ಕೆ ಕೂರುತ್ತದೆ ಎಂದರೆ, ಹನ್ನೊಂದು ವರ್ಷದ ಹಿಂದೆ ಒಂದು ಈಟಿ ಕಳಿಸಿದ್ದೆವು, ಅದಿನ್ನೂ ಬಂದಿಲ್ಲ ಎಂದರು. ಇನ್ನೊಂದು ಪ್ರತಿ ಇದೆಯೇ ಎಂದು ನಾನು ಕೇಳಿದೆ. ಗಾಜಿನ ನೆಗೆಟಿವ್ ಒಡೆದುಹೋಗಿದೆ, ಇದ್ದದ್ದು ಅದೊಂದೇ. ಮ್ಯೂಸಿಯಂ ಮಾಡಿದ ಮೇಲೆ ಜೈಲಿನ ಒಳಗಿಂದ ಬಿಡುಗಡೆಯಾಗಿ ಹೋದ ಮೊದಲ ಕೈದಿ ನಿಮ್ಮ ತಾತನೇ ಎಂದು ಅಧಿಕಾರಿ ತಮಾಷೆ ಮಾಡಲು ನೋಡಿದರು. ಆ ಫೋಟೋ ಈಗಲೂ ವಾಪಸ್ ಬಂದಿಲ್ಲ. ಹಿರಿಯರು ನಾಲ್ಕು ತಿಂಗಳು ಕಾದರು, ಅದಕ್ಕಿಂತ ಹೆಚ್ಚು ಕಾಯಲು ಅವರಿಂದಾಗಲಿಲ್ಲ.

ನಾವು ಕಾರಿಡಾರಿಗೆ ಮರಳಿದಾಗ ಅವರು ಅದೇ ಜಾಗದಲ್ಲಿ ಕೂತಿದ್ದರು. ನನ್ನನ್ನು ಹತ್ತಿರ ಕರೆದರು.

"ನೀನು ನೋಡ್ದೆಯಲ್ಲ ಟೈಲರಪ್ಪ. ಹೇಗಿದ್ರು ಹೇಳು."

ಜೈಲರು, "ಅಪ್ಪಾ, ನಾನು ಹೇಳ್ತೀನಿ," ಎಂದು ಮುಂದೆ ಬಂದರು.

"ನೀನು ಬೇಡ. ನೀನು ಹೇಳಿದ್ರೆ ನಿಜ ಯಾವ್ದು ಅಂತ ನನಗೆ ಗೊತ್ತಾಗಲ್ಲ. ನೀನು ಹೇಳು ಟೈಲರಪ್ಪ."

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಅಷ್ಟು ಹೊತ್ತು ಅದರ ಮುಂದೆ ನಿಂತಿದ್ದೆ, ಆದರೆ ಬೆನ್ನು ಕೊಟ್ಟು. ನೋಡಿದ್ದು ಮೊದಲ ಒಂದು ನಿಮಿಷ. ನನ್ನ ಹಾಳು ಟೈಲರ್ ಕಣ್ಣಿಗೆ ಕಂಡದ್ದು ಅಂಗಿ. ಒರಟು ಬಟ್ಟೆ, ಕೊರಳಪಟ್ಟಿ ಇಲ್ಲ, ಎರಡನೆಯ ಗುಂಡಿ ಕಿತ್ತುಹೋಗಿತ್ತು, ಎಡತೋಳು ಬಲಕ್ಕಿಂತ ಗಿಡ್ಡ. ಅದನ್ನೆಲ್ಲ ಹೇಳಿದೆ. ಹಿರಿಯರು ಒಂದೊಂದಕ್ಕೂ ತಲೆಯಾಡಿಸಿದರು.

"ಮುಖ?"

ಕಣ್ಣು ಹೆದರಿತ್ತೋ, ಸಿಟ್ಟಿತ್ತೋ, ಅಳುತ್ತಿತ್ತೋ ನನಗೆ ನೆನಪಾಗಲೇ ಇಲ್ಲ. ಸುಳ್ಳು ಹೇಳುವುದಕ್ಕೆ ನಾಲಿಗೆ ಏಳಲಿಲ್ಲ.

"ನಿಮ್ಮ ಮಗನ ಹಾಗೇ ಇದ್ರು," ಎಂದೆ. "ಹಣೆ, ಕಿವಿ, ತುಟಿ, ಎಲ್ಲ. ಇವ್ರೇ ಅಂದ್ಕೊಂಡು ನಾನು ಬೆಚ್ಚಿಬಿದ್ದೆ."

ಹಿರಿಯರು ಮೊದಲ ಸಲ ಮಗನ ಕಡೆ ತಿರುಗಿದರು. ಬಹಳ ಹೊತ್ತು ನೋಡಿದರು.

"ಅಲ್ಲಿ ಹೋಗಿ ನಿಲ್ಲು."

"ಎಲ್ಲಿ?"

"ಆ ಮೊಳೆ ಹತ್ರ."

ಜೈಲರು ಹದಿನೇಳರ ಮತ್ತು ಹತ್ತೊಂಬತ್ತರ ನಡುವೆ ಗೋಡೆಗೆ ಬೆನ್ನು ಹಚ್ಚಿ ನಿಂತರು. ತಲೆಯ ಹಿಂದೆ ಮೊಳೆ ಚುಚ್ಚುತ್ತಿರಬೇಕು, ಅಲ್ಲಾಡಲಿಲ್ಲ. ಅವರ ಕೆಳತುಟಿ ಮುಂದೆ ಬಂತು.

"ಏನೂ ಹೇಳಬೇಡ," ಎಂದರು ಹಿರಿಯರು. "ಸುಮ್ನೆ ನನ್ನ ನೋಡ್ತಿರು."

ಸೊಸೆಗೆ ಹೇಳಿ ಕುರ್ಚಿಯನ್ನು ಇನ್ನೊಂದು ಮೊಳ ಮುಂದಕ್ಕೆ ತಳ್ಳಿಸಿಕೊಂಡರು. ಹೊರಗೆ ಬಸ್ಸಿನವನು ಹಾರ್ನ್ ಹೊಡೆಯತೊಡಗಿದ್ದ, ಎಂಟನೆಯ ಸ್ಥಳಕ್ಕೆ ಹೊತ್ತಾಗಿತ್ತು. ಹಿರಿಯರು ಕಿವಿಯ ಮಷೀನು ತೆಗೆದು ಮಡಿಲಲ್ಲಿಟ್ಟುಕೊಂಡು ತಮ್ಮ ಅಪ್ಪನನ್ನು ನೋಡುತ್ತ ಕೂತರು.